ಹೈದರಾಬಾದಿನ ಸಿರಿವಂತ ಬಡಾವಣೆಗಳೂ ನಮ್ಮ ಸೀಮೆಯೂ

ಊರುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಅರಮನೆ, ದೇವಾಲಯ, ಮಸೀದಿಗಳಿಂದ ಆರಂಭಿಸುತ್ತಾರೆ. ಮನುಷ್ಯರು ವಾಸವಾಗಿದ್ದ ಮನೆಗಳ ಕಡೆಗೆ ಅವರ ದೃಷ್ಟಿ ಹರಿಯುವುದು ಕಡಮೆ. ಆದರೆ ಒಂದು ಮಹಾನಗರದಲ್ಲಿ ಐಶ್ವರ್ಯವಂತರು ಯಾವ ಕಾಲದಲ್ಲಿ ಎಲ್ಲಿ ನೆಲಸಿದರು, ಅಲ್ಲಿಂದ ಯಾವಾಗ ಎದ್ದರು, ಎದ್ದು ಎಲ್ಲಿಗೆ ಹೋದರು ಎಂಬುದನ್ನು ಕ್ರಮವಾಗಿ ನೋಡುತ್ತ ಹೋದರೆ, ಆ ನಗರದ ರಾಜಕೀಯ ಚರಿತ್ರೆಯೂ ಆರ್ಥಿಕ ಚರಿತ್ರೆಯೂ ಒಟ್ಟಿಗೇ ಕಣ್ಣಿಗೆ ಕಟ್ಟುತ್ತವೆ.

ಹೈದರಾಬಾದು ನಮಗೆ ದೂರದ ಊರಲ್ಲ. ಜಹೀರಾಬಾದಿನಿಂದ ಹೆದ್ದಾರಿಯಲ್ಲಿ ಸುಮಾರು ೧೦೦ ಕಿಲೋಮೀಟರು. ತಾಂಡೂರಿನವರಿಗಂತೂ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದ ೧೮೭೪ರಿಂದಲೂ ಅದು ನೆರೆಯ ಊರು. ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಯ ಕೆಲಸಕ್ಕೆ, ಮದುವೆಯ ಜವಳಿಗೆ ನಮ್ಮವರು ಹೋಗುವುದು ಅಲ್ಲಿಗೇ. ಹೋದವರು ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್ ಎಂಬ ಬಡಾವಣೆಗಳ ಎತ್ತರದ ಗೋಡೆಗಳನ್ನೂ ಕಬ್ಬಿಣದ ಬಾಗಿಲುಗಳನ್ನೂ ಬಸ್ಸಿನ ಕಿಟಕಿಯಿಂದ ನೋಡಿ, ಅದು ಬೇರೆಯೇ ಒಂದು ಲೋಕವೆಂದು ಎಣಿಸಿ ಮರಳುತ್ತಾರೆ. ಆ ಲೋಕಕ್ಕೂ ನಮ್ಮ ಗಡಿಸೀಮೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಉಂಟು, ಅದು ಹಳೆಯದೂ ಆಳವಾದುದೂ ಹೌದು ಎಂಬುದೇ ಈ ಲೇಖನದ ಅಭಿಪ್ರಾಯ. ಹೈದರಾಬಾದಿನ ಸಿರಿವಂತಿಕೆ ಎರಡು ಶತಮಾನಗಳಿಂದ ಒಂದೆಡೆಯಿಂದ ಮತ್ತೊಂದೆಡೆಗೆ ಸರಿಯುತ್ತ ಬಂದಿದೆ. ಹಾಗೆ ಸರಿದಾಗಲೆಲ್ಲ ನಮ್ಮ ತಾಲೂಕುಗಳಿಂದ ಏನಾದರೂ ಒಂದನ್ನು ಅದು ಪಡೆದುಕೊಂಡಿದೆ: ಒಮ್ಮೆ ಕಂದಾಯ, ಒಮ್ಮೆ ನೀರು, ಒಮ್ಮೆ ಕಲ್ಲು, ಎಂದೆಂದೂ ದುಡಿಮೆ. ಈ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲವಾದ ಕಾರಣ, ನಾವೇ ಅದನ್ನು ಬರೆಯಲು ತೊಡಗುವುದು ಉಚಿತವೆಂದು ತೋರುತ್ತದೆ.

ಸಿರಿವಂತರ ವಾಸಸ್ಥಾನವು ಅರಸನ ಬೆನ್ನು ಹಿಡಿದು ನಡೆಯುವುದು ದಖನಿನ ಹಳೆಯ ರೂಢಿ. ರಾಷ್ಟ್ರಕೂಟರ ಮಾನ್ಯಖೇಟವು ತಾಂಡೂರಿನ ಬಳಿಯಲ್ಲಿ ಹರಿಯುವ ಕಾಗಿಣಾ ನದಿಯ ದಂಡೆಯಲ್ಲಿಯೇ ಇತ್ತು. ೯೭೨ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೈದ ಮೇಲೆ ಅರಸೊತ್ತಿಗೆ ಅಲ್ಲಿಂದ ತೊಲಗಿತು, ಸಿರಿಯೂ ತೊಲಗಿತು. ಇಂದು ಮಳಖೇಡ ಒಂದು ಹಳ್ಳಿ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯನ್ನು ಬಿಟ್ಟು ಬೀದರನ್ನು ರಾಜಧಾನಿಯಾಗಿ ಮಾಡಿಕೊಂಡಾಗ ಅಮೀರರೂ ವರ್ತಕರೂ ಅವನ ಹಿಂದೆಯೇ ಬೀದರಿಗೆ ಬಂದರು. ಬಹಮನಿ ರಾಜ್ಯ ಒಡೆದ ಮೇಲೆ ಗೋಲ್ಕೊಂಡೆಗೆ ಕಾಲ ಬಂತು. ಗೋಲ್ಕೊಂಡೆಯ ಕೋಟೆಯೊಳಗೆ ಜನ ಹೆಚ್ಚಿ ನೀರು ಸಾಲದೆ ಹೋದಾಗ ಮಹಮ್ಮದ್ ಕುಲಿ ಕುತುಬ್ ಷಾ ಮೂಸಿ ನದಿಯ ದಕ್ಷಿಣ ದಡದಲ್ಲಿ ೧೫೯೧ರಲ್ಲಿ ಹೊಸ ನಗರಕ್ಕೆ ಅಸ್ತಿಭಾರ ಹಾಕಿದನು. ಚಾರ್‌ಮಿನಾರನ್ನು ನಡುವಿಟ್ಟು ನಾಲ್ಕು ದಿಕ್ಕಿಗೆ ನಾಲ್ಕು ಬೀದಿಗಳನ್ನು ಎಳೆದ ಈ ನಗರವೇ ಹೈದರಾಬಾದು.

ಆಸಫ್‌ಜಾಹಿ ದೊರೆಗಳ ಕಾಲಕ್ಕೆ ಈ ಹಳೆಯ ನಗರದಲ್ಲಿ ದೊಡ್ಡವರು ವಾಸಿಸುತ್ತಿದ್ದ ಮನೆಗೆ ದೇವಡಿ ಎಂದು ಹೆಸರು. ದೇವಡಿಯೆಂದರೆ ಒಂದು ಮನೆಯಲ್ಲ, ಒಂದು ಸಣ್ಣ ಊರು. ಹೊರಗೆ ಎತ್ತರದ ಗೋಡೆ, ಆನೆ ಹೋಗುವಷ್ಟು ದೊಡ್ಡ ಬಾಗಿಲು. ಒಳಗೆ ಗಂಡಸರ ಅಂಗಳ ಬೇರೆ, ಹೆಂಗಸರ ಅಂಗಳ ಬೇರೆ. ಲಾಯ, ಉಗ್ರಾಣ, ಅಡಿಗೆಮನೆ, ಕಾರಕೂನರ ಕಚೇರಿ, ಆಳುಮಕ್ಕಳ ಬಿಡಾರ ಎಲ್ಲವೂ ಅದೇ ಗೋಡೆಯೊಳಗೆ. ಸಾಲಾರ್ ಜಂಗರ ದಿವಾನ್ ದೇವಡಿ, ಮಹಾರಾಜಾ ಕಿಷನ್ ಪ್ರಸಾದರ ದೇವಡಿ ಮೊದಲಾದವು ಈ ಬಗೆಯವು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದ ಹೈದರಾಬಾದಿನಲ್ಲಿ ಸಿರಿವಂತರ ದೇವಡಿ ಇತ್ತಲ್ಲದೆ ಸಿರಿವಂತರ ಬಡಾವಣೆ ಇರಲಿಲ್ಲ. ದೇವಡಿಯ ಗೋಡೆಗೆ ಅಂಟಿಕೊಂಡೇ ನೇಕಾರನ ಗುಡಿಸಲೂ ಬಳೆಗಾರನ ಅಂಗಡಿಯೂ ಇರುತ್ತಿದ್ದವು. ಬಡವ ಬಲ್ಲಿದರ ನಡುವಣ ಅಂತರ ಬಹಳ ದೊಡ್ಡದಾಗಿತ್ತು; ಆದರೆ ಅವರು ನಡೆಯುವ ಬೀದಿ ಒಂದೇ ಆಗಿತ್ತು.

ಈ ದೇವಡಿಗಳ ವೆಚ್ಚ ಎಲ್ಲಿಂದ ನಡೆಯುತ್ತಿತ್ತು? ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ನಿಜಾಮರ ಸಂಸ್ಥಾನದಲ್ಲಿ ದೊರೆಯ ಬಳಿಕ ಅತ್ಯಂತ ಶ್ರೀಮಂತರೆನಿಸಿದವರು ಪೈಗಾ ಮನೆತನದ ಅಮೀರರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಬುಲ್ ಫತೇಖಾನ್ ತೇಗ್ ಜಂಗನಿಂದ ಮೇಲಕ್ಕೆ ಬಂದ ಈ ಮನೆತನಕ್ಕೆ ದೊರೆಯ ಕಾವಲಿನ ಕುದುರೆದಳವನ್ನು ಸಾಕುವ ಹೊಣೆಯಿತ್ತು. ಆ ದಳದ ವೆಚ್ಚಕ್ಕೆಂದು ವಿಸ್ತಾರವಾದ ಜಹಗೀರುಗಳನ್ನು ಕೊಡಲಾಗಿತ್ತು. ಆ ಜಹಗೀರುಗಳ ಒಂದು ದೊಡ್ಡ ಪಾಲು ಹಳೆಯ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಲ್ಲಿತ್ತು. ನಾರಾಯಣಖೇಡವೂ ಚಿಟಗುಪ್ಪೆಯೂ ಪೈಗಾ ಸೀಮೆಗಳು. ಜಹೀರಾಬಾದ್ ಎಂಬ ಹೆಸರೇ ಪೈಗಾ ಅಮೀರ ಜಹೀರ್ ಯಾರ್ ಜಂಗರ ಹೆಸರಿನಿಂದ ಬಂದುದು. ತಾಂಡೂರಿಗೆ ಇಂದು ಜಿಲ್ಲಾಕೇಂದ್ರವಾಗಿರುವ ವಿಕಾರಾಬಾದು ಮತ್ತೊಬ್ಬ ಪೈಗಾ ಅಮೀರ ವಿಕಾರ್-ಉಲ್-ಉಮ್ರಾ ಅವರ ಹೆಸರನ್ನು ಹೊತ್ತಿದೆ. ನಮ್ಮ ಊರುಗಳ ಹೆಸರನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುವ ನಾವು, ಅದರ ಹಿಂದೆ ಒಂದು ಕಂದಾಯದ ಕಡತವಿದೆ ಎಂಬುದನ್ನು ನೆನೆಯುವುದಿಲ್ಲ.

ವಿಕಾರ್-ಉಲ್-ಉಮ್ರಾ ೧೮೮೪ರಲ್ಲಿ ಫಲಕ್‌ನುಮಾ ಅರಮನೆಗೆ ಅಸ್ತಿಭಾರ ಹಾಕಿಸಿದರು. ಅದನ್ನು ಕಟ್ಟಿಸುವುದಕ್ಕೆ ಅವರಂಥ ಶ್ರೀಮಂತರಿಗೂ ಸಾಲದ ಹೊರೆ ಬಿತ್ತು. ೧೮೯೭ರಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿಖಾನರು ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಬಳಿಕ ವಿಕಾರ್-ಉಲ್-ಉಮ್ರಾ ನಗರದ ಉತ್ತರಕ್ಕೆ ಬೇಗಂಪೇಟೆಯಲ್ಲಿ ಮತ್ತೊಂದು ಅರಮನೆಯನ್ನು ಕಟ್ಟಿಸಿದರು. ಇನ್ನೊಂದು ಶಾಖೆಯ ಆಸ್ಮಾನ್ ಜಾಹರು ಬಶೀರ್‌ಬಾಗಿನ ಅರಮನೆಯನ್ನೂ ಗುಡ್ಡದ ಮೇಲೆ ಆಸ್ಮಾನ್‌ಗಢವನ್ನೂ ಕಟ್ಟಿಸಿದರು. ಬೀದರ್ ಸೀಮೆಯ ಜೋಳದ ಹೊಲಗಳಿಂದ ಎತ್ತಿದ ಕಂದಾಯಕ್ಕೆ ಈ ಕಟ್ಟಡಗಳಲ್ಲಿ ಪಾಲಿತ್ತೆಂಬುದರಲ್ಲಿ ಸಂದೇಹವಿಲ್ಲ. ಜಹಗೀರಿನ ಹಳ್ಳಿಗಳಲ್ಲಿ ಒಡೆಯನು ಇರುತ್ತಿರಲಿಲ್ಲ, ಅವನ ಅಮಲ್ದಾರನಿರುತ್ತಿದ್ದನು. ಹಣ ನಗರಕ್ಕೆ ಹೋಗುತ್ತಿತ್ತು, ಅಪ್ಪಣೆ ಹಳ್ಳಿಗೆ ಬರುತ್ತಿತ್ತು.

ಇತ್ತ ನದಿಯ ಉತ್ತರ ದಡದಲ್ಲಿ ಬೇರೊಂದು ಬಗೆಯ ವಾಸಕ್ರಮ ಹುಟ್ಟಿಕೊಂಡಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ರೆಸಿಡೆಂಟನು ಇಂದಿನ ಕೋಠಿಯಲ್ಲಿ ದೊಡ್ಡ ಕಂಬಗಳ ರೆಸಿಡೆನ್ಸಿಯನ್ನು ಕಟ್ಟಿಸಿದನು. ಸ್ವಾತಂತ್ರ್ಯಾನಂತರ ಅದು ಹೆಣ್ಣುಮಕ್ಕಳ ಕಾಲೇಜಾಯಿತು. ರೆಸಿಡೆನ್ಸಿಯ ಆಡಳಿತದ ಆಶ್ರಯದಲ್ಲಿ ಸಾಹುಕಾರರು ಅದರ ಸುತ್ತ ಅಂಗಡಿಗಳನ್ನೂ ಮನೆಗಳನ್ನೂ ಕಟ್ಟಿಕೊಂಡರು. ೧೮೦೬ರಲ್ಲಿ ಹುಸೇನ್ ಸಾಗರದ ಆಚೆಗೆ ಇಂಗ್ಲಿಷರ ದಂಡಿಗಾಗಿ ನಿಜಾಮ ಸಿಕಂದರ್ ಜಾಹರ ಹೆಸರಿನಲ್ಲಿ ಸಿಕಂದರಾಬಾದು ಏರ್ಪಟ್ಟಿತು. ದಂಡಿನ ಅಧಿಕಾರಿಗಳು ಕಟ್ಟಿಕೊಂಡ ಬಂಗಲೆಯು ದೇವಡಿಗಿಂತ ತೀರ ಭಿನ್ನವಾದುದು. ದೇವಡಿಯಲ್ಲಿ ಕಟ್ಟಡ ಹೊರಗೆ, ಅಂಗಳ ಒಳಗೆ. ಬಂಗಲೆಯಲ್ಲಿ ಅಂಗಳ ಹೊರಗೆ, ಕಟ್ಟಡ ನಡುವೆ. ಸುತ್ತ ತೋಟ, ತೋಟದಾಚೆ ಬೇಲಿ, ಬೇಲಿಯಾಚೆ ಅದೇ ಬಗೆಯ ಇನ್ನೊಂದು ಬಂಗಲೆ. ಸಮಾನರಾದವರು ಸಮಾನರ ಪಕ್ಕದಲ್ಲಿಯೇ ಇರಬೇಕು, ಉಳಿದವರು ದೂರವಿರಬೇಕು ಎಂಬ ಭಾವನೆ ಈ ಬಂಗಲೆಗಳ ಸಾಲಿನೊಡನೆ ಬಂದಿತು. ಸಿರಿವಂತರ ಬಡಾವಣೆ ಎಂಬ ಕಲ್ಪನೆಯ ಬೀಜ ಇಲ್ಲಿದೆ.

ಆ ಬೀಜ ಮೊಳೆಯುವುದಕ್ಕೆ ಕಾರಣವಾದುದು ಒಂದು ಮಹಾ ವಿಪತ್ತು. ೧೯೦೮ನೆಯ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ನಗರದ ಮೇಲೆ ಹರಿಯಿತು. ಸುಮಾರು ೧೫,೦೦೦ ಜನ ಸತ್ತರೆಂದು ಹೇಳುತ್ತಾರೆ. ನದಿಯ ಎರಡು ದಡಗಳಲ್ಲಿಯೂ ಸಾವಿರಾರು ಮನೆಗಳು ನೆಲಸಮವಾದವು. ಇಂಥ ಪ್ರಳಯ ಮತ್ತೆ ಆಗದಂತೆ ಉಪಾಯ ಹೇಳಬೇಕೆಂದು ನಿಜಾಮ ಸರ್ಕಾರವು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಆ ಮಹನೀಯರು ೧೯೦೯ರಲ್ಲಿ ಹೈದರಾಬಾದಿಗೆ ಬಂದು, ಮಳೆಯ ಲೆಕ್ಕವನ್ನೂ ಕೆರೆಗಳ ಸ್ಥಿತಿಯನ್ನೂ ಪರಿಶೀಲಿಸಿ, ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿ ಈಸಿಗೂ ಅಡ್ಡಲಾಗಿ ಎರಡು ಜಲಾಶಯಗಳನ್ನು ಕಟ್ಟಬೇಕೆಂದೂ ನಗರಕ್ಕೆ ಒಳಚರಂಡಿ ಬೇಕೆಂದೂ ಸಲಹೆಯಿತ್ತರು. ಅದೇ ವರ್ಷದ ಕೊನೆಯಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ತೆರಳಿದರೂ ಅವರ ಯೋಜನೆ ಕೈಬಿಡಲಿಲ್ಲ. ೧೯೨೦ರಲ್ಲಿ ಉಸ್ಮಾನ್ ಸಾಗರ, ೧೯೨೭ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು.

ಈ ನಡುವೆ ೧೯೧೧ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿಖಾನರು ಹಳೆಯ ನಗರದ ಅರಮನೆಗಳಲ್ಲಿ ನೆಲಸದೆ ನದಿಯ ಉತ್ತರಕ್ಕಿರುವ ಕಿಂಗ್ ಕೋಠಿಯಲ್ಲಿಯೇ ಉಳಿದರು. ೧೯೧೨ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಯಿತು. ಕೊಳಕು ಕೇರಿಗಳನ್ನು ತೆಗೆಯುವುದು, ರಸ್ತೆಗಳನ್ನು ಅಗಲಿಸುವುದು, ಮಲ್ಲೇಪಲ್ಲಿ ಮೊದಲಾದೆಡೆ ಸಾಮಾನ್ಯರಿಗೆ ಗಾಳಿ ಬೆಳಕಿರುವ ಮನೆಗಳನ್ನು ಕಟ್ಟುವುದು ಇದರ ಕೆಲಸ. ಇದು ಬಡವರಿಗಾಗಿಯೂ ದುಡಿದ ಸಂಸ್ಥೆ ಎಂಬುದನ್ನು ಮರೆಯಬಾರದು. ಆದರೆ ನಲ್ಲಿಯ ನೀರು, ವಿದ್ಯುದ್ದೀಪ, ಅಗಲವಾದ ರಸ್ತೆ ಇವು ಉತ್ತರದಲ್ಲಿ ಹರಡಿದಂತೆಲ್ಲ ಅಧಿಕಾರಿಗಳೂ ವಕೀಲರೂ ನವಾಬರೂ ಹಳೆಯ ನಗರವನ್ನು ಬಿಟ್ಟು ಸೈಫಾಬಾದು, ಸೋಮಾಜಿಗುಡ, ಬೇಗಂಪೇಟೆಗಳಲ್ಲಿ ಮನೆಗಳನ್ನು ಕಟ್ಟಿಸಿದರು. ನವಾಬ ಫಖ್ರ್-ಉಲ್-ಮುಲ್ಕರ ಇರ್ರಂ ಮಂಜಿಲ್ ಇದಕ್ಕೂ ಮೊದಲೇ ಅತ್ತ ಎದ್ದು ನಿಂತಿತ್ತು. ಜನರು ತೆಲುಗಿನಲ್ಲಿ 'ಎರ್ರಗಡ್ಡ', ಅಂದರೆ ಕೆಂಪು ದಿನ್ನೆ, ಎನ್ನುತ್ತಿದ್ದ ಸ್ಥಳದಲ್ಲಿ ಕಟ್ಟಿದ ಅರಮನೆಗೆ ಪಾರಸಿಯಲ್ಲಿ ಸ್ವರ್ಗವೆಂಬರ್ಥದ 'ಇರ್ರಂ' ಎಂಬ ಹೆಸರನ್ನಿಟ್ಟರು. ಒಂದೇ ದಿನ್ನೆ ಒಬ್ಬರಿಗೆ ಮಣ್ಣಿನ ಬಣ್ಣವಾಗಿಯೂ ಇನ್ನೊಬ್ಬರಿಗೆ ಸ್ವರ್ಗವಾಗಿಯೂ ಕಂಡಿತು.

ಇನ್ನು ಬಂಜಾರಾ ಹಿಲ್ಸಿನ ವಿಚಾರ. ಹೈದರಾಬಾದಿನ ಪಶ್ಚಿಮದ ಗುಡ್ಡಗಳು ಬಹು ಪುರಾತನವಾದ ಬೆಣಚುಗಲ್ಲಿನ ಬಂಡೆಗಳಿಂದಾದವು. ಅವುಗಳ ವಯಸ್ಸನ್ನು ಸುಮಾರು ೨೫೦ ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಎಣಿಸುತ್ತಾರೆ. ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಈ ನೆಲದಲ್ಲಿ ಉಳುವುದಕ್ಕೆ ಮಣ್ಣಿಲ್ಲ, ಸುಲಭವಾಗಿ ನೀರಿಲ್ಲ. ಅಲ್ಲಿ ಬೀಡುಬಿಟ್ಟಿದ್ದವರು ಬಂಜಾರರು, ಅಂದರೆ ನಮ್ಮ ಸೀಮೆಯಲ್ಲಿ ಲಂಬಾಣಿಗಳೆಂದು ನಾವು ಕರೆಯುವ ಜನ. ಹೇರೆತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು ದಖನಿನ ಉದ್ದಗಲಕ್ಕೂ ಸಾಗಿಸುತ್ತಿದ್ದವರು ಇವರು. ಮೊಗಲರ ದಂಡಿಗೂ ನಿಜಾಮರ ದಂಡಿಗೂ ಆಹಾರ ಒದಗಿಸಿದವರು ಇವರು. ರೈಲು ಬಂದು ಹೇರೆತ್ತಿನ ವ್ಯಾಪಾರ ಮುರಿದುಬಿದ್ದ ಮೇಲೆ ತಾಂಡಾಗಳಲ್ಲಿ ನೆಲೆನಿಂತು ಕೂಲಿಗೂ ಬೇಸಾಯಕ್ಕೂ ಇಳಿದರು. ತಾಂಡೂರಿಗೆ ನಾಗರಿಕತೆಯನ್ನು ತಂದಿತೆಂದು ನಾವು ಕೊಂಡಾಡುವ ಆ ರೈಲೇ ಒಂದು ಜನಾಂಗದ ಕಸುಬನ್ನು ಕಸಿಯಿತೆಂಬುದು ಚರಿತ್ರೆಯ ವೈಚಿತ್ರ್ಯಗಳಲ್ಲಿ ಒಂದು.

ಈ ಗುಡ್ಡಗಳನ್ನು ವಾಸಕ್ಕೆ ಯೋಗ್ಯವೆಂದು ಮೊದಲು ಕಂಡವರಲ್ಲಿ ಪ್ರಮುಖರು ನವಾಬ ಮೆಹದಿ ನವಾಜ್ ಜಂಗರು. ನಗರದ ಆಡಳಿತದಲ್ಲಿ ಉನ್ನತ ಹುದ್ದೆಯಲ್ಲಿದ್ದು, ಮುಂದೆ ೧೯೬೦ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದ ಇವರು, ೧೯೩೦ರ ಸುಮಾರಿಗೆ ಬಂಡೆಗಳನ್ನು ಒಡೆಯದೆ ಅವುಗಳನ್ನೇ ಗೋಡೆಯಾಗಿ ಬಳಸಿಕೊಂಡು ಅಲ್ಲೊಂದು ಮನೆಯನ್ನು ಕಟ್ಟಿಸಿ 'ಬಂಜಾರಾ ಭವನ' ಎಂದು ಹೆಸರಿಟ್ಟರು. ೧೯೩೩ರಲ್ಲಿ ರವೀಂದ್ರನಾಥ ಠಾಕೂರರು ಹೈದರಾಬಾದಿಗೆ ಬಂದಾಗ ಈ ಗುಡ್ಡದಲ್ಲಿ ತಂಗಿ ಇದರ ಚೆಲುವಿಗೆ ಮಾರುಹೋದರು. ಆ ಮೊದಲ ಮನೆಗಳು ಬಂಡೆಗೂ ಗಿಡಮರಕ್ಕೂ ಗೌರವ ಕೊಟ್ಟು ಕಟ್ಟಿದವು ಎಂಬುದನ್ನು ಒಪ್ಪಬೇಕು. ಹೀಗೆ ಒಂದು ಅಲೆಮಾರಿ ಜನಾಂಗದ ಹೆಸರು ದೇಶದ ಅತ್ಯಂತ ದುಬಾರಿ ನೆಲಗಳಲ್ಲಿ ಒಂದರ ಹೆಸರಾಯಿತು. ಹೆಸರು ಉಳಿಯಿತು, ಹೆಸರಿನವರಿಗೆ ಅಲ್ಲಿ ನೆಲೆ ಉಳಿಯಲಿಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೪೯ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ಕಂದಾಯದ ಹೊಳೆ ಬತ್ತಿದೊಡನೆಯೇ ದೇವಡಿಗಳ ಬಾಗಿಲುಗಳು ಸಡಿಲವಾದವು. ಕೆಲವು ಅರಮನೆಗಳು ಸರ್ಕಾರಿ ಕಚೇರಿಗಳಾದವು. ಕೆಲವನ್ನು ಕೆಡವಿ ಅಂಗಡಿಗಳ ಸಾಲುಗಳನ್ನು ಕಟ್ಟಿದರು. ಇನ್ನು ಕೆಲವುಗಳ ತೋಟಗಳು ಸಣ್ಣ ನಿವೇಶನಗಳಾಗಿ ಮಾರಾಟವಾದವು. ಇರ್ರಂ ಮಂಜಿಲ್ ಲೋಕೋಪಯೋಗಿ ಇಲಾಖೆಯ ಕೈಸೇರಿತು. ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇದ್ದು, ಬಳಿಕ ೨೦೨೩ರವರೆಗೆ ಅಮೆರಿಕದ ಕಾನ್ಸುಲೇಟ್ ಕಚೇರಿ ನಡೆಯಿತು. ಫಲಕ್‌ನುಮಾ ಈಗ ಹೋಟೆಲಾಗಿದೆ.

ಎಂಟು ವರ್ಷ ಕಳೆಯುವುದರೊಳಗೆ ನಮ್ಮ ಸೀಮೆಯ ಹಣೆಬರಹವೂ ಬದಲಾಯಿತು. ೧೯೫೬ರ ನವೆಂಬರ್ ೧ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವಲಯವನ್ನುಳಿದ ಜಹೀರಾಬಾದ್ ತಾಲೂಕು, ನ್ಯಾಲಕಲ್ ವಲಯ, ಹಾಗೂ ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್, ಕಲಬುರಗಿಗಳು ಮೈಸೂರು ರಾಜ್ಯಕ್ಕೆ ಹೋದವು. ಕಚೇರಿಯ ದೃಷ್ಟಿಯಿಂದ ಹೈದರಾಬಾದು ನಮಗೆ ಹತ್ತಿರವಾಯಿತು. ಭಾಷೆಯ ದೃಷ್ಟಿಯಿಂದ ನಾವು ಅಂಚಿಗೆ ಸರಿದೆವು. ೨೦೧೪ರಲ್ಲಿ ತೆಲಂಗಾಣ ರಾಜ್ಯವಾಗಿ, ೨೦೧೬ರಲ್ಲಿ ಜಿಲ್ಲೆಗಳು ಮತ್ತೆ ವಿಂಗಡಣೆಯಾಗಿ, ಜಹೀರಾಬಾದು ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿವೆ.

ರಾಜಧಾನಿ ದೊಡ್ಡದಾದಂತೆ ಹೊಸ ಬಗೆಯ ಸಿರಿವಂತರು ಬಂದರು. ಅವರಿಗೆ ಜಹಗೀರು ಇರಲಿಲ್ಲ. ಸಂಬಳ, ಗುತ್ತಿಗೆ, ವ್ಯಾಪಾರ, ಕರಾವಳಿಯ ಗದ್ದೆಗಳ ಹಣ ಇತ್ತು. ೧೯೬೦ರ ದಶಕದಲ್ಲಿ ಚಲ್ಲಗಳ್ಳ ನರಸಿಂಹರಾಯರ ನೇತೃತ್ವದಲ್ಲಿ ಜೂಬಿಲಿ ಹಿಲ್ಸ್ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿ, ಸಾವಿರ ಎಕರೆಗೂ ಮಿಕ್ಕ ಬಂಡೆನೆಲವನ್ನು ಪಡೆಯಿತು. ಆ ಕಾಡುಬಂಡೆಗಳಲ್ಲಿ ಯಾರು ಮನೆ ಕಟ್ಟುತ್ತಾರೆಂದು ಜನ ಆಗ ನಗುತ್ತಿದ್ದರಂತೆ. ಬಡವರ ಕೈಕೂಡಿಸುವುದಕ್ಕೆಂದು ಹುಟ್ಟಿದ ಸಹಕಾರ ತತ್ವವು ಇಲ್ಲಿ ನಾಳಿನ ಕೋಟ್ಯಧೀಶರ ಕೈಕೂಡಿಸಿತು. ೧೯೭೦ರ ದಶಕದಲ್ಲಿ ತೆಲುಗು ಚಿತ್ರೋದ್ಯಮವು ಮದರಾಸನ್ನು ಬಿಟ್ಟು ಇತ್ತ ಬರತೊಡಗಿತು. ಅಕ್ಕಿನೇನಿ ನಾಗೇಶ್ವರರಾಯರು ಬಂಜಾರಾ ಹಿಲ್ಸಿನಲ್ಲಿ ಅನ್ನಪೂರ್ಣಾ ಸ್ಟುಡಿಯೋವನ್ನು ಸ್ಥಾಪಿಸಿದರು. ೧೯೯೮ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಆರಂಭವಾದ ಮೇಲೆ ಗಣಕಯಂತ್ರದ ಉದ್ಯಮ ಬೆಳೆದು, ಈ ಗುಡ್ಡಗಳು ಊರ ಹೊರಗಿನವು ಎಂಬ ಸ್ಥಿತಿ ಹೋಗಿ ಊರ ನಡುವಿನವಾದವು.

ಈ ಬಡಾವಣೆಗಳ ಸ್ವಭಾವವನ್ನು ದೇವಡಿಯ ಕಾಲದೊಡನೆ ಹೋಲಿಸಿ ನೋಡಬಹುದು. ದೇವಡಿಗೆ ಒಡೆಯನ ಹೆಸರಿತ್ತು, ಮೊಹಲ್ಲಾಕ್ಕೆ ಕಸುಬಿನ ಅಥವಾ ಸಂತನ ಹೆಸರಿತ್ತು. ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸುಗಳ ರಸ್ತೆಗಳಿಗೆ ಹೆಚ್ಚಾಗಿ ಬರಿಯ ಅಂಕಿಗಳಿವೆ: ಒಂದನೆಯ ರಸ್ತೆ, ಹನ್ನೆರಡನೆಯ ರಸ್ತೆ, ಮೂವತ್ತಾರನೆಯ ರಸ್ತೆ. ನೆನಪಿಲ್ಲದ ನೆಲಕ್ಕೆ ಅಂಕಿಯೇ ಹೆಸರು. ದೇವಡಿಯ ಆಳು ಒಡೆಯನ ಗೋಡೆಯೊಳಗೇ ಮಲಗುತ್ತಿದ್ದನು. ಇಂದಿನ ಬಂಗಲೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರಲ್ಲಿ ಹೆಚ್ಚಿನವರು ಬೆಳಗ್ಗೆ ಬಂದು, ಕೆಲಸ ತೀರಿದ ಮೇಲೆ ಗುಡ್ಡದ ಹಿಂಬದಿಯ ಕೊಳೆಗೇರಿಗೋ ದೂರದ ಕೇರಿಗೋ ಹಿಂದಿರುಗುತ್ತಾರೆ. ಹಳೆಯ ವ್ಯವಸ್ಥೆ ಒಳ್ಳೆಯದಾಗಿತ್ತೆಂದು ನಾವು ಹೇಳುವುದಿಲ್ಲ, ಅದರಲ್ಲಿ ದಾಸ್ಯವಿತ್ತು. ಹೊಸದರಲ್ಲಿ ಕೂಲಿಯುಂಟು, ಬಿಡುಗಡೆಯುಂಟು. ಆದರೆ ಯಾರು ಯಾರಿಂದ ಬದುಕುತ್ತಿದ್ದಾರೆಂಬುದು ಹಿಂದೆ ಕಣ್ಣಿಗೆ ಕಾಣುತ್ತಿತ್ತು, ಈಗ ಕಾಣುವುದಿಲ್ಲ.

ಕಾಣದೆ ಹೋದವುಗಳಲ್ಲಿ ಮೊದಲನೆಯದು ನೀರು. ಬಂಡೆಯ ಮೇಲೆ ಹುಲ್ಲುಹಾಸು ಬೆಳೆಯಬೇಕಾದರೆ ನೀರನ್ನು ಬೇರೆಡೆಯಿಂದ ತರಲೇಬೇಕು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ನೀರು ಬೆಳೆಯುವ ನಗರಕ್ಕೆ ಸಾಲದಾದಾಗ ನಗರದ ಕಣ್ಣು ಮಂಜೀರಾ ನದಿಯ ಮೇಲೆ ಬಿತ್ತು. ಬೀಡ್ ಜಿಲ್ಲೆಯ ಬಾಲಾಘಾಟದಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಬಳಸಿ, ನಮ್ಮ ತಾಲೂಕುಗಳ ನಡುವೆ ಹರಿಯುವ ಈ ನದಿಯ ನೀರು ೧೯೬೫ರಲ್ಲಿ ಮೊದಲ ಬಾರಿಗೆ ಕೊಳವೆಯಲ್ಲಿ ಹೈದರಾಬಾದಿಗೆ ಹರಿಯಿತು. ೧೯೮೧ರಲ್ಲಿ ಎರಡನೆಯ ಹಂತ ಬಂದಿತು. ಆ ಬಳಿಕ ಸಿಂಗೂರಿನಲ್ಲಿ ಸುಮಾರು ೩೦ ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ ಎದ್ದು, ೧೯೯೦ರ ದಶಕದಲ್ಲಿ ಅಲ್ಲಿಂದಲೂ ನಗರಕ್ಕೆ ನೀರು ಹೋಯಿತು. ಜಲಾಶಯದ ಹಿನ್ನೀರಿನಲ್ಲಿ ಹಳ್ಳಿಗಳೂ ಎರೆಹೊಲಗಳೂ ಮುಳುಗಿದವು. ಮುಂದೆ ಕೃಷ್ಣೆ ಗೋದಾವರಿಗಳ ನೀರೂ ನಗರಕ್ಕೆ ಬಂದುದು ನಿಜ. ಆದರೆ ಆ ಹಲವು ದಶಕಗಳ ಕಾಲ ನಗರದ ಪಶ್ಚಿಮ ಭಾಗ ಹರಡಿ ಬೆಳೆಯುವುದಕ್ಕೆ ಆಧಾರವಾದ ನೀರಿನಲ್ಲಿ ಮಂಜೀರೆಯ ಪಾಲು ದೊಡ್ಡದು. ಬೇಸಗೆಯಲ್ಲಿ ನದಿಯ ಪಕ್ಕದ ಹಳ್ಳಿಯಲ್ಲಿ ಕೊಡ ಹೊತ್ತು ನಡೆದ ಹೆಂಗಸಿಗೆ ತನ್ನ ನದಿ ಎಲ್ಲಿಗೆ ಹೋಯಿತೆಂದು ಹೇಳುವವರು ಇರಲಿಲ್ಲ.

ಎರಡನೆಯದು ಕಲ್ಲು. ಶಹಾಬಾದಿನಿಂದ ಸೇಡಂ ಮಾರ್ಗವಾಗಿ ತಾಂಡೂರಿನವರೆಗೂ ಭೀಮಾ ಕಣಿವೆಯ ಸುಣ್ಣಗಲ್ಲಿನ ಪದರ ಹಬ್ಬಿದೆ. ರಾಜ್ಯದ ಗಡಿ ಈ ಪದರದ ಮೇಲೆ ಎಳೆದ ಗೆರೆ. ಕೆಳಗಿನ ಕಲ್ಲು ಒಂದೇ. ಅದು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಾರೆ, ಉಳಿ, ಸುತ್ತಿಗೆಗಳಿಂದ ಎಬ್ಬಿಸಿದ ಹಾಸುಗಲ್ಲನ್ನು ನಮ್ಮವರು ಪರಸಿ ಎನ್ನುತ್ತಾರೆ. ಗಡಿಯಾಚೆ ಅದಕ್ಕೆ ಶಹಾಬಾದ್ ಕಲ್ಲೆಂದು ಹೆಸರು. ಈಚೆ ತಾಂಡೂರಿನ ನೀಲಿ, ತಾಂಡೂರಿನ ಹಳದಿ ಎಂದು ಎರಡು ಬಗೆ. ಬೇಸಗೆಯಲ್ಲಿ ಅಂಗಾಲಿಗೆ ತಂಪಾಗಿರುವ ಈ ಕಲ್ಲು ಹೈದರಾಬಾದಿನ ಎಷ್ಟೋ ಮನೆಗಳಿಗೆ ನೆಲವಾಗಿ, ಮೆಟ್ಟಿಲಾಗಿ, ತೋಟದ ಕಾಲುದಾರಿ ಆಗಿ ಹಾಸಿಕೊಂಡಿದೆ. ಅಮೃತಶಿಲೆಯ ಚಟ ಬಂದ ಮೇಲೆಯೂ ಅಂಗಳಕ್ಕೆ ತಾಂಡೂರಿನ ಕಲ್ಲೇ ಬೇಕು. ಇತ್ತ ತಾಂಡೂರಿನ ಸುತ್ತ ನೀರು ತುಂಬಿದ ಹಳೆಯ ಕಣಿಗಳೂ ಒಡೆದ ಕಲ್ಲಿನ ದಿಬ್ಬಗಳೂ ಉಳಿದಿವೆ. ಪಾಲಿಶ್ ಕಾರ್ಖಾನೆಗಳ ಬಿಳಿಯ ಕೆಸರು, ಸಿಮೆಂಟಿನ ಧೂಳು ಹೊಲಗಳ ಮೇಲೆ ಕೂರುತ್ತವೆ. ಆ ಹೊಲಗಳಲ್ಲಿ ಬೆಳೆಯುವ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಮೂರನೆಯದು ದುಡಿಮೆ. ನಾರಾಯಣಖೇಡದ ಕಡೆ ಮಳೆ ಕೈಕೊಟ್ಟ ವರ್ಷ, ಕೊಡದ ವರ್ಷವೂ, ಸುಗ್ಗಿ ಮುಗಿದೊಡನೆ ತಾಂಡಾಗಳು ಬರಿದಾಗುತ್ತವೆ. ಕೆಲವರು ಕಬ್ಬು ಕಡಿಯುವುದಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಗೆ ಹೋಗುತ್ತಾರೆ. ಕೆಲವರು ಕಟ್ಟಡದ ಕೂಲಿಗೆ ಹೈದರಾಬಾದಿಗೆ ಹೋಗುತ್ತಾರೆ. ಹೀಗೆ ಹೋದ ಲಂಬಾಣಿಯೊಬ್ಬನು ಬಂಜಾರಾ ಹಿಲ್ಸಿನಲ್ಲಿ ಇಟ್ಟಿಗೆ ಹೊರುವುದು ಅಸಂಭವವಾದ ಮಾತೇನಲ್ಲ. ತನ್ನ ಜನಾಂಗದ ಹೆಸರಿನ ಗುಡ್ಡದಲ್ಲಿ ಅವನು ದಿನಗೂಲಿಯವನು. ಸರ್ಕಾರದ ಪಟ್ಟಿಯಲ್ಲಿಯೂ ಈ ಜನರ ಸ್ಥಾನ ಗಡಿಯೊಡನೆ ಬದಲಾಗುತ್ತದೆ. ೧೯೭೬ರ ಕಾಯಿದೆಯಿಂದ ತೆಲಂಗಾಣ ಭಾಗದಲ್ಲಿ ಇವರು ಪರಿಶಿಷ್ಟ ಪಂಗಡದವರಾದರು. ಬೀದರಿನಲ್ಲಿರುವ ಅವರ ನೆಂಟರು ಪರಿಶಿಷ್ಟ ಜಾತಿಯವರು. ಗಡಿಯನ್ನು ದಾಟಿ ಮದುವೆಯಾದ ಹೆಣ್ಣು ತನ್ನ ತವರಿನ ಗುರುತು ಒಂದು, ಗಂಡನ ಮನೆಯದು ಇನ್ನೊಂದು ಎಂದು ತಿಳಿಯಬೇಕು.

ಇಷ್ಟು ಹೇಳಿದುದರಿಂದ ನಾವು ನಗರದ ಮೇಲೆ ಹಗೆ ಸಾಧಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಹೈದರಾಬಾದು ನಮಗೆ ಕೊಟ್ಟದ್ದೂ ಬಹಳವಿದೆ. ನಮ್ಮ ರೋಗಿಗಳು ಚೇತರಿಸಿಕೊಂಡದ್ದು ಅಲ್ಲಿನ ಆಸ್ಪತ್ರೆಗಳಲ್ಲಿ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ನಾಡಿನ ಎಷ್ಟೋ ತರುಣರು ಓದಿ ಮುಂದೆ ಬಂದರು. ಅಲ್ಲಿ ನೆಲಸಿದ ಕನ್ನಡಿಗರು ಗುಡ್ಡಕ್ಕೆ ಏರಿದ್ದು ಕಡಮೆ. ಕಾಚಿಗುಡ ಮೊದಲಾದ ಮಧ್ಯಮ ವರ್ಗದ ಕೇರಿಗಳಲ್ಲಿ ಮನೆಮಾಡಿ, ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿ ನುಡಿಯನ್ನು ಉಳಿಸಿದರು. ಮಾನ್ಯಖೇಟದ ದೊರೆಯ ಹೆಸರು ಹೈದರಾಬಾದಿನ ಒಂದು ಶಾಲೆಯ ಬಾಗಿಲಲ್ಲಿರುವುದು ಯಾವ ಬಂಗಲೆಗಿಂತಲೂ ದೊಡ್ಡ ಸಿರಿಯೆಂದು ನಾವು ಎಣಿಸುತ್ತೇವೆ. ನಗರವಿಲ್ಲದೆ ಹಳ್ಳಿಗೆ ಬಾಳುವೆಯಿಲ್ಲ. ಆದರೆ ಕೊಟ್ಟ ಲೆಕ್ಕ ಒಂದೇ ಪುಸ್ತಕದಲ್ಲಿದ್ದು, ಪಡೆದ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲದಿದ್ದರೆ ಅದು ನ್ಯಾಯವಾದ ಖಾತೆಯೆನಿಸುವುದಿಲ್ಲ.

ಈ ಮಾತಿಗೆ ಈಗ ಅವಸರವೂ ಉಂಟು. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ೧೨ ಸಾವಿರ ಎಕರೆಗೂ ಮಿಕ್ಕ ನೆಲದಲ್ಲಿ ರಾಷ್ಟ್ರೀಯ ಬಂಡವಾಳ ಹಾಗೂ ಉತ್ಪಾದನಾ ವಲಯವನ್ನು ಸ್ಥಾಪಿಸುವ ಯೋಜನೆಗೆ ೨೦೧೬ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಕೇತಕಿ ಸಂಗಮೇಶ್ವರನ ಜಾತ್ರೆಗೆ ಕನ್ನಡಿಗರೂ ತೆಲುಗರೂ ಮರಾಠಿಗರೂ ಒಟ್ಟಿಗೆ ಸೇರುವ ಸೀಮೆಯಿದು. ಇಲ್ಲಿ ಉದ್ಯೋಗ ಬಂದರೆ ವಲಸೆ ತಗ್ಗಬಹುದು. ಅದನ್ನು ನಾವು ಬಯಸುತ್ತೇವೆ. ಆದರೆ ಇಂದಿನ ಎರೆಹೊಲ, ತಾಂಡಾ, ಗುಡಿ, ಹಳ್ಳಗಳ ಹೆಸರುಗಳು ನಾಳೆ ಒಂದನೆಯ ರಸ್ತೆ, ಎರಡನೆಯ ರಸ್ತೆಯಾಗಿ ಬದಲಾದಾಗ, ಇಲ್ಲಿ ಯಾರಿದ್ದರು ಎಂದು ಕೇಳುವವರಿಗೆ ಉತ್ತರ ಹೇಳುವವರು ಬೇಕಲ್ಲವೆ? ಬಂಜಾರಾ ಹಿಲ್ಸಿನ ಮೊದಲ ತಾಂಡಾದ ನಾಯಕನ ಹೆಸರನ್ನು ಇಂದು ಯಾರೂ ಹೇಳಲಾರರು. ಮೊದಲ ಬಂಗಲೆಯ ಹೆಸರನ್ನು ಎಲ್ಲರೂ ಬಲ್ಲರು.

ಆದುದರಿಂದ ನಮ್ಮ ಕನ್ನಡ ಸಂಘಗಳು ಕೈಗೊಳ್ಳಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಪೈಗಾ ಕಾಲದ ಕಂದಾಯದ ಕಾಗದಗಳು ಯಾವ ಮನೆಯ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ಅವನ್ನು ಓದಿಸಿ ನಕಲು ಮಾಡಿಕೊಳ್ಳಬೇಕು. ಸಿಂಗೂರಿನಲ್ಲಿ ಮುಳುಗಿದ ಹಳ್ಳಿಗಳ ಓಣಿಗಳ, ಗುಡಿಗಳ ಹೆಸರನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡಬೇಕು. ತಾಂಡೂರಿನ ಕಣಿಗಳಲ್ಲಿ ಉಳಿ ಹಿಡಿದವರ ಮಾತುಗಳನ್ನೂ, ತಾಂಡಾಗಳ ನಾಯಕರ ವಂಶಾವಳಿಯನ್ನೂ ಸಂಗ್ರಹಿಸಬೇಕು. ಅದು ಕನ್ನಡದಲ್ಲಿಯೇ ಇರಬೇಕೆಂಬ ಹಟವಿಲ್ಲ; ಕೇಳಿದ ನುಡಿಯಲ್ಲಿಯೇ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥವನ್ನು ಕೊಟ್ಟರೆ ಸಾಕು. ಇದಕ್ಕೆ ದೊಡ್ಡ ಹಣ ಬೇಡ, ಒಂದು ಕೈಬರಹದ ಪುಸ್ತಕ, ಕೇಳುವ ತಾಳ್ಮೆ ಇಷ್ಟಿದ್ದರೆ ಆದೀತು. ನಗರದ ಚರಿತ್ರೆಯನ್ನು ನಗರದವರು ಬರೆದುಕೊಳ್ಳುತ್ತಾರೆ. ಅದರ ಅಸ್ತಿಭಾರದ ಚರಿತ್ರೆ ಬರೆಯುವ ಭಾರ ಅಸ್ತಿಭಾರಕ್ಕೆ ಕಲ್ಲು ಕೊಟ್ಟ ಊರುಗಳ ಮೇಲಿದೆ.